ಕೇಳುವವರಿಲ್ಲದ ಹಣಕ್ಕೆ ಒಡೆಯನು ಯಾರು?



ಒಬ್ಬ ಮನುಷ್ಯನು ಬೆವರು ಸುರಿಸಿ ಕೂಡಿಸಿದ ಹಣವನ್ನು ಬ್ಯಾಂಕಿನಲ್ಲಿಟ್ಟು, ಅದರ ಸುದ್ದಿಯನ್ನು ಯಾರಿಗೂ ತಿಳಿಸದೆ ತೀರಿಹೋಗುತ್ತಾನೆ. ಹೆಂಡತಿಗೆ ಓದು ಬಾರದು. ಮಕ್ಕಳು ದೂರದ ಊರುಗಳಲ್ಲಿ ಇರುವರು. ಲೆಕ್ಕದ ಪುಸ್ತಕವು ಪೆಟ್ಟಿಗೆಯ ಅಡಿಯಲ್ಲಿ ಹಳೇ ಬಟ್ಟೆಗಳ ಕೆಳಗೆ ಬಿದ್ದಿರುವದು. ವರುಷಗಳು ಕಳೆಯುತ್ತವೆ, ಆ ಹಣವನ್ನು ಕೇಳುವದಕ್ಕೆ ಯಾರೂ ಬರುವದಿಲ್ಲ. ಕಡೆಗೆ ಅದು ಕಾಯಿದೆಯ ಪ್ರಕಾರ ಬ್ಯಾಂಕಿನಿಂದ ಹೊರಟು ರಾಜ್ಯಾಧಿಕಾರದ ಕೈಕೆಳಗಿರುವ ಒಂದು ನಿಧಿಗೆ ಸೇರುತ್ತದೆ. ಈಗ ನಾವು ವಿಚಾರಿಸತಕ್ಕ ಪ್ರಶ್ನೆ ಯಾವದಂದರೆ, ಆ ಹಣವು ಯಾರದು? ಇಟ್ಟವನು ಇಲ್ಲ, ಬಾಧ್ಯರಾದವರು ಅರಿಯರು, ಕಾಯುವವನೋ ಅದನ್ನು ದುಡಿಯಲಿಲ್ಲ. ಕಾಲವು ಕಳೆದ ಮಾತ್ರಕ್ಕೆ ಒಬ್ಬನ ಸೊತ್ತು ಮತ್ತೊಬ್ಬನದಾಗುವದೋ? ಮತ್ತು ಅದನ್ನು ಹುಡುಕಿ ಕೇಳುವದು ಆಶೆಬುರುಕತನವೋ, ಅಥವಾ ನ್ಯಾಯವೋ? ಇವು ಪಟ್ಟಣದ ವಕೀಲರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಗಳೆಂದು ಯಾರೂ ಎಣಿಸಬಾರದು. ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಇವುಗಳಿಗೆ ಎಡೆಯುಂಟು.

ಈ ಪ್ರಶ್ನೆಯು ಹೊಸದಲ್ಲ. ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕದಲ್ಲಿ ಇದೇ ವ್ಯಾಜ್ಯವು ದುಷ್ಯಂತರಾಜನ ಮುಂದೆ ಬರುತ್ತದೆ. ಧನಮಿತ್ರನೆಂಬ ಸಮುದ್ರವ್ಯಾಪಾರಿಯು ಹಡಗು ಒಡೆದು ಸತ್ತನು, ಅವನಿಗೆ ಮಕ್ಕಳಿಲ್ಲ, ಆದಕಾರಣ ಅವನ ಸಂಪತ್ತೆಲ್ಲಾ ಅರಸನಿಗೆ ಸೇರತಕ್ಕದ್ದೆಂದು ಮಂತ್ರಿಯು ಬರೆದು ಕಳುಹಿಸುತ್ತಾನೆ. ಅರಸನು ಹೂಂ ಎಂದು ಹೇಳಿದ್ದರೆ ಕೋಟಿಗಟ್ಟಲೆ ಧನವು ಬೊಕ್ಕಸಕ್ಕೆ ಬರುತ್ತಿತ್ತು, ಮತ್ತು ಯಾರೂ ಅವನನ್ನು ಕಳ್ಳನೆನ್ನುತ್ತಿರಲಿಲ್ಲ. ಅವನಾದರೋ ಮೊದಲು ಒಂದು ಮಾತನ್ನು ವಿಚಾರಿಸುತ್ತಾನೆ: ಆ ವರ್ತಕನ ಹೆಂಡಂದಿರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೋ ಎಂದು. ಒಬ್ಬಳು ಇರುವಳೆಂದು ತಿಳಿದುಬರಲು, ಇನ್ನೂ ಹುಟ್ಟದಿರುವ ಆ ಕೂಸೇ ತಂದೆಯ ಧನಕ್ಕೆ ಬಾಧ್ಯವೆಂದು ತೀರ್ಪು ಮಾಡುತ್ತಾನೆ. ಈ ಕಥೆಯಲ್ಲಿ ನಾವು ಗಮನಿಸತಕ್ಕದ್ದು ಅರಸನ ಔದಾರ್ಯವನ್ನಲ್ಲ. ಅವನು ತನ್ನದನ್ನು ಏನೂ ಕೊಡಲಿಲ್ಲ. ತೆಗೆದುಕೊಳ್ಳುವದಕ್ಕೆ ಮುಂಚೆ ಹುಡುಕಿದನು, ಅಷ್ಟೇ. ಬಾಧ್ಯನು ಬಂದು ಕೇಳಲಿಲ್ಲ, ಕೇಳುವದಕ್ಕೆ ಅವನಿಗೆ ಬಾಯಿಯೇ ಇರಲಿಲ್ಲ. ಆದರೂ ಬಾಧ್ಯನು ಬಾಧ್ಯನೇ.

ಇದಕ್ಕೆ ವಿರೋಧವಾದದ್ದು ನಮ್ಮ ಕನ್ನಡ ಸೀಮೆಯಲ್ಲಿಯೇ ನಡೆದದೆ. 1824ರಲ್ಲಿ ಕಿತ್ತೂರಿನ ದೊರೆಯಾದ ಶಿವಲಿಂಗರುದ್ರಸರ್ಜನು ಸ್ವಂತ ಮಕ್ಕಳಿಲ್ಲದೆ ತೀರಿಹೋದನು. ಅವನ ಹೆಸರಿನಲ್ಲಿ ತೆಗೆದುಕೊಳ್ಳಲ್ಪಟ್ಟ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ಬಾಧ್ಯನಿಲ್ಲವೆಂದು ಹೇಳಿ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಹಾಕಿಸಿದನು. ರಾಣಿ ಚೆನ್ನಮ್ಮನು ಅದಕ್ಕೆ ತಲೆಬಾಗಲಿಲ್ಲ. ಅಕ್ಟೋಬರ್ ತಿಂಗಳ ಕಾಳಗದಲ್ಲಿ ಥ್ಯಾಕರೆಯು ಸತ್ತನು. ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ಇಲ್ಲಿ ತಪ್ಪು ಎಲ್ಲಿಂದ ಹುಟ್ಟಿತು? ಬಾಧ್ಯನು ಇರುವನೋ ಇಲ್ಲವೋ ಎಂದು ತೀರ್ಮಾನಿಸುವವನೂ, ಇಲ್ಲವೆಂದಾದರೆ ಲಾಭ ಹೊಂದುವವನೂ ಒಬ್ಬನೇ ಆಗಿದ್ದನು. ಅಂಥ ನ್ಯಾಯಾಧಿಪತಿಯ ಕಣ್ಣಿಗೆ ಬಾಧ್ಯನು ಕಾಣುವದು ಕಷ್ಟ. ಈ ಎರಡು ದೃಷ್ಟಾಂತಗಳ ನಡುವೆ ನಮ್ಮ ಪ್ರಶ್ನೆಯೆಲ್ಲಾ ಅಡಗಿದೆ. ಕಾಯುವವನು ಕಾಯುವವನಾಗಿಯೇ ಉಳಿಯುವನೋ, ಅಥವಾ ದಿನ ಕಳೆದ ಹಾಗೆ ಒಡೆಯನಾಗಿ ಬಿಡುವನೋ ಎಂಬದೇ ಅದು.

ಕಾಯಿದೆಗಳನ್ನು ನೋಡಿದರೆ ಅವುಗಳಲ್ಲಿಯೂ ಒಂದು ವಿವೇಕವು ತೋರಿಬರುತ್ತದೆ. ನಮ್ಮ ದೇಶದಲ್ಲಿ 1878ರಲ್ಲಿ ಮಾಡಲ್ಪಟ್ಟ ನಿಧಿ ಕಾಯಿದೆಯ ಪ್ರಕಾರ, ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ಹೂತಿಟ್ಟ ನಿಧಿ ಯಾರಿಗಾದರೂ ಸಿಕ್ಕಿದರೆ ಅವನು ಕಲೆಕ್ಟರನಿಗೆ ತಿಳಿಸತಕ್ಕದ್ದು. ಕಲೆಕ್ಟರನು ಅದನ್ನು ಒಡನೆ ಯಾರಿಗೂ ಹಂಚಿಬಿಡುವದಿಲ್ಲ. ಹಕ್ಕುಳ್ಳವರು ಬಂದು ಹೇಳಿಕೊಳ್ಳಲಿ ಎಂದು ಪ್ರಕಟಿಸಿ, 4 ತಿಂಗಳಿಗೆ ಕಡಿಮೆಯಿಲ್ಲದ, 6 ತಿಂಗಳಿಗೆ ಮೀರದ ಒಂದು ದಿನವನ್ನು ಗೊತ್ತು ಮಾಡುವನು. ಬಂದವನು ಆ ನಿಧಿಯು 100 ವರುಷಗಳ ಒಳಗೆ ತನ್ನಿಂದಾಗಲಿ ತನ್ನ ಹಿರಿಯರಿಂದಾಗಲಿ ಹೂಳಲ್ಪಟ್ಟದ್ದೆಂದು ಹೇಳಿ, ಅದಕ್ಕೆ ನಂಬತಕ್ಕ ಕಾರಣವಿದ್ದರೆ, ಸಿವಿಲ್ ಕೋರ್ಟಿನಲ್ಲಿ ಅದನ್ನು ಸ್ಥಾಪಿಸಲು ಅವನಿಗೆ ಸಮಯ ಕೊಡಬೇಕು. ಯಾರೂ ಬಾರದಿದ್ದರೆ ಮಾತ್ರ ಅದು ಒಡೆಯನಿಲ್ಲದ್ದೆಂದು ಸಾರಲ್ಪಡುವದು. ನೋಡಿರಿ, ಮಣ್ಣಿನೊಳಗೆ ನೂರು ವರುಷ ಬಿದ್ದಿದ್ದ ಮಡಕೆಗೂ ಕಾಯಿದೆಯು ಮೊದಲು ಒಡೆಯನನ್ನು ಹುಡುಕುತ್ತದೆ. ಹಾಗಾದರೆ ಹೆಸರು, ಊರು, ಹೆಬ್ಬೆಟ್ಟು ಬರೆಯಲ್ಪಟ್ಟಿರುವ ಲೆಕ್ಕಕ್ಕೆ ಎಷ್ಟು ಹೆಚ್ಚಾಗಿ ಹುಡುಕತಕ್ಕದ್ದು!

ಈಗ ನಮ್ಮ ಕಾಲದ ಸಂಗತಿಗೆ ಬರೋಣ. ಒಬ್ಬನ ಉಳಿತಾಯದ ಲೆಕ್ಕದಲ್ಲಿ 2 ವರುಷಗಳ ವರೆಗೆ ಅವನ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಬ್ಯಾಂಕು ಅದನ್ನು ನಿಂತುಹೋದ ಲೆಕ್ಕವೆಂದು ಎಣಿಸುತ್ತದೆ. 10 ವರುಷಗಳು ಹಾಗೆಯೇ ಕಳೆದರೆ ಆ ಹಣವು ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ ಎಂಬದಕ್ಕೆ ಸೇರುವದು. ಬ್ಯಾಂಕು ಕಾಯಿದೆಯಲ್ಲಿ ಒಂದು ಕಲಮನ್ನು ಕೂಡಿಸಿ 2014ರಲ್ಲಿ ಸ್ಥಾಪಿಸಿದ ಈ ನಿಧಿಯನ್ನು ರಿಸರ್ವ್ ಬ್ಯಾಂಕು ನಡಿಸುತ್ತದೆ. 2024ರ ಮಾರ್ಚ್ ಕಡೆಗೆ ಅದರಲ್ಲಿ ಇದ್ದ ಮೊತ್ತವು 78,213 ಕೋಟಿ ರೂಪಾಯಿ. ಇದರಲ್ಲಿ ದೊಡ್ಡ ವರ್ತಕರ ಹಣವೂ ಇರಬಹುದು. ಆದರೆ ಕೂಲಿಯವರ, ಪಿಂಚಣಿದಾರರ, ವಿಧವೆಯರ ಚಿಕ್ಕ ಚಿಕ್ಕ ಲೆಕ್ಕಗಳೂ ಇವೆ. 2023ರ ಫೆಬ್ರವರಿಯ ವರೆಗೆ ಸರಕಾರೀ ಬ್ಯಾಂಕುಗಳು ಮಾತ್ರವೇ ಸುಮಾರು 35,000 ಕೋಟಿ ರೂಪಾಯಿಗಳನ್ನು ಅಲ್ಲಿಗೆ ಕಳುಹಿಸಿದ್ದವು. ಅದು 10 ಕೋಟಿಗೆ ಮೇಲ್ಪಟ್ಟ ಲೆಕ್ಕಗಳ ಹಣವಾಗಿತ್ತು. ಲೆಕ್ಕಗಳ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಲೆಕ್ಕಕ್ಕೆ ಸುಮಾರು ಮೂರೂವರೆ ಸಾವಿರ ರೂಪಾಯಿ ಬೀಳುವದು. ಬಡವರಿಗೆ ಇದು ಕಡಿಮೆ ಹಣವಲ್ಲ.

ಇಷ್ಟು ಹಣವು ಕೇಳುವವರಿಲ್ಲದೆ ಉಳಿಯುವದಕ್ಕೆ ಕಾರಣಗಳು ಹಲವು. ಮರಣವು ಒಂದು. ಊರು ಬಿಟ್ಟು ಮುಂಬಯಿಗೋ, ಕಾಫಿ ತೋಟಗಳಿಗೋ, ಕೊಲ್ಲಿಯ ದೇಶಗಳಿಗೋ ಹೋದದ್ದು ಎರಡನೆಯದು. ಪುಸ್ತಕದಲ್ಲಿ ಒಂದು ಹೆಸರು, ಮತದಾರರ ಚೀಟಿಯಲ್ಲಿ ಬೇರೊಂದು ಹೆಸರು ಇರುವದು ಮೂರನೆಯದು. ನಮ್ಮ ಕಡೆಯಲ್ಲಿ ನಾಲ್ಕನೆಯ ಕಾರಣವೊಂದು ವಿಶೇಷವಾಗಿ ಉಂಟು. ಕರಾವಳಿಯ ಜನರು ಉಳಿತಾಯದಲ್ಲಿ ಹಿಂದಿನಿಂದಲೂ ಹೆಸರು ಪಡೆದವರು. 1928ರಲ್ಲಿಯೇ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಎಂಬದನ್ನು ಆರಂಭಿಸಿ, ಮನೆಮನೆಗೆ ಮನುಷ್ಯರನ್ನು ಕಳುಹಿಸಿ ದಿನಕ್ಕೆ ಎರಡಾಣೆಯನ್ನು ಕೂಡಿಸುತ್ತಿತ್ತು. ಆದರೆ ಆ ಹಳೇ ಹೆಸರುಗಳು ಈಗ ಹಲಗೆಗಳ ಮೇಲೆ ಇಲ್ಲ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ತಂದೆಯ ಹಳೇ ಪುಸ್ತಕವನ್ನು ಕಂಡವರು, ಈ ಬ್ಯಾಂಕು ಈಗ ಇಲ್ಲವಲ್ಲಾ, ಹಣವೂ ಹೋಯಿತು ಎಂದು ಎಣಿಸಿ ಅದನ್ನು ಒಲೆಗೆ ಹಾಕುವದುಂಟು. ಇದು ಶುದ್ಧ ತಪ್ಪು. ಹೆಸರು ಅಳಿಯಿತು, ಸಾಲ ಅಳಿಯಲಿಲ್ಲ. ಒಳಗೆ ಸೇರಿಸಿಕೊಂಡ ಬ್ಯಾಂಕು ಆ ಸಾಲವನ್ನೂ ಹೊತ್ತುಕೊಂಡಿದೆ.

ಬ್ಯಾಂಕಿನ ಠೇವಣಿಯ ವಿಷಯದಲ್ಲಿ ಒಳ್ಳೇದೊಂದು ಸಂಗತಿಯನ್ನು ಮರೆಯಬಾರದು. 10 ವರುಷಗಳ ಬಳಿಕ ಹಣವು ನಿಧಿಗೆ ಸೇರಿದರೂ ಒಡೆಯನ ಹಕ್ಕು ಸಾಯುವದಿಲ್ಲ. ಅವನಾಗಲಿ ಅವನ ಬಾಧ್ಯರಾಗಲಿ ಎಷ್ಟು ವರುಷಗಳ ಮೇಲೆ ಬಂದರೂ ಬ್ಯಾಂಕು ಅವರಿಗೆ ಕೊಟ್ಟು, ಬಳಿಕ ನಿಧಿಯಿಂದ ತಾನು ತರಿಸಿಕೊಳ್ಳುವದು. ಬಡ್ಡಿ ಹುಟ್ಟುವ ಲೆಕ್ಕಗಳಿಗೆ 2021ರ ಮೇ ತಿಂಗಳಿನಿಂದ ನೂರಕ್ಕೆ 3ರಂತೆ ಸರಳ ಬಡ್ಡಿಯೂ ಗೊತ್ತಾಗಿದೆ. ಇಲ್ಲಿ ರಾಜ್ಯವು ದುಷ್ಯಂತನ ಮಾರ್ಗವನ್ನು ಹಿಡಿದಿದೆ ಎನ್ನಬಹುದು. ಜೀವವಿಮೆಯ ಹಣದ ವಿಷಯವು ಹಾಗಲ್ಲ. ಅದು 10 ವರುಷ ಕೇಳುವವರಿಲ್ಲದೆ ಉಳಿದರೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುವದು. ಅಲ್ಲಿಗೆ ಹೋದ 25 ವರುಷಗಳ ಒಳಗೆ ಯಾರೂ ಕೇಳದಿದ್ದರೆ ಅದು ಕೇಂದ್ರ ಸರಕಾರದ ಸೊತ್ತಾಗುವದು. ಅಲ್ಲಿ ಬಾಗಿಲಿಗೆ ಒಂದು ದಿನ ಬೀಗ ಬೀಳುತ್ತದೆ. ಆದದರಿಂದ ವಿಮೆಯ ಕಾಗದವನ್ನು ಮನೆಯಲ್ಲಿ ಇಟ್ಟುಕೊಂಡಿರುವವರು ತಡಮಾಡಬಾರದು.

ಇಷ್ಟು ಹೇಳಿದ ಮೇಲೆ ಕೆಲವರು ಒಂದು ಆಕ್ಷೇಪಣೆಯನ್ನು ತರುವರು. ನಾವು ದುಡಿಯದ ಹಣಕ್ಕೆ ನಾವು ಯಾಕೆ ಕೈ ಚಾಚಬೇಕು? ಇದ್ದದ್ದರಲ್ಲಿ ತೃಪ್ತರಾಗಿರುವದೇ ಉತ್ತಮವಲ್ಲವೋ? ಸತ್ತವರ ಕಾಗದಗಳನ್ನು ಕೆದಕುವದು ಹದ್ದಿನ ಕೆಲಸವಲ್ಲವೋ? ಹೀಗೆ ಹೇಳುವವರ ಮನಸ್ಸು ಒಳ್ಳೇದೇ. ಆದರೆ ಅವರು ಒಂದು ಸಂಗತಿಯನ್ನು ತೂಗಿ ನೋಡಲಿಲ್ಲ. ಆ ಹಣವು ಅವರೊಬ್ಬರದೇ ಆಗಿದ್ದರೆ ಬಿಟ್ಟುಬಿಡುವದಕ್ಕೆ ಅವರು ಸ್ವತಂತ್ರರು. ಆದರೆ ಸತ್ತವನ ಸೊತ್ತು ಬಹಳ ಮಾಡಿ ಒಬ್ಬನಿಗೆ ಸೇರುವದಿಲ್ಲ. ಅದರಲ್ಲಿ ವಿಧವೆಯಾದ ತಾಯಿಯ ಪಾಲುಂಟು, ಗಂಡನ ಮನೆಯಲ್ಲಿ ಕಷ್ಟಪಡುವ ತಂಗಿಯ ಪಾಲುಂಟು, ಸತ್ತ ಅಣ್ಣನ ತಬ್ಬಲಿ ಮಕ್ಕಳ ಪಾಲುಂಟು. ತನ್ನ ಪಾಲನ್ನು ತ್ಯಜಿಸುವದು ತ್ಯಾಗ. ಇನ್ನೊಬ್ಬನ ಪಾಲನ್ನು ತ್ಯಜಿಸುವದು ಅಲಕ್ಷ್ಯ. ಸೋಮಾರಿತನವು ಎಷ್ಟೋ ಸಾರಿ ತೃಪ್ತಿಯ ವಸ್ತ್ರವನ್ನು ತೊಟ್ಟುಕೊಂಡು ತಿರುಗುವದುಂಟು. ಕಚೇರಿಗೆ ನಾಲ್ಕು ಸಾರಿ ಅಲೆಯುವದಕ್ಕೆ ಬೇಸರಪಟ್ಟು, ನನಗೆ ಹಣದಾಶೆಯಿಲ್ಲ ಎಂದು ಹೇಳುವವನು ತನ್ನ ತಾಯಿಯ ಔಷಧಕ್ಕೆ ಸಾಲ ಮಾಡುತ್ತಿದ್ದರೆ, ಅವನ ತೃಪ್ತಿಗೆ ನಾವು ಏನೆಂದು ಹೆಸರಿಡೋಣ?

ಮತ್ತೆ ಕೆಲವರು ಹೀಗನ್ನುವರು: ಸರಕಾರದ ಕೈಯಲ್ಲಿರುವ ಹಣವು ಎಲ್ಲರಿಗೂ ಪ್ರಯೋಜನವಾಗುವದು, ಅದು ಅಲ್ಲಿಯೇ ಇರಲಿ. ಇದಕ್ಕೆ ಉತ್ತರವೇನಂದರೆ, ಸಾರ್ವಜನಿಕ ಪ್ರಯೋಜನಕ್ಕಾಗಿ ಕೊಡುವದು ಒಳ್ಳೇದು, ಆದರೆ ಕೊಡುವವನು ಬಲ್ಲವನಾಗಿ ಕೊಡಬೇಕು. ಮರೆತು ಬಿಟ್ಟದ್ದು ದಾನವಲ್ಲ. ಇಂಗ್ಲಂಡಿನಲ್ಲಿ 2008ರ ಕಾಯಿದೆಯ ಪ್ರಕಾರ 15 ವರುಷ ಮುಟ್ಟದೆ ಬಿಟ್ಟ ಬ್ಯಾಂಕಿನ ಹಣವನ್ನು ಪರೋಪಕಾರದ ಕೆಲಸಗಳಿಗೆ ಉಪಯೋಗಿಸಲು ದಾರಿ ಮಾಡಿದ್ದಾರೆ. ಆದರೂ ಒಡೆಯನು ಯಾವಾಗ ಬಂದರೂ ಅವನ ಹಣವನ್ನು ಅವನಿಗೆ ಹಿಂದಕ್ಕೆ ಕೊಡತಕ್ಕದ್ದೆಂದು ಅದೇ ಕಾಯಿದೆಯು ಹೇಳುತ್ತದೆ. ಪರೋಪಕಾರದ ಹೆಸರಿನಿಂದಲೂ ಒಡೆತನವು ಅಳಿಯುವದಿಲ್ಲವೆಂದು ಆ ದೇಶದವರು ಒಪ್ಪಿಕೊಂಡರು. ತನ್ನ ಹಣವನ್ನು ಪಡೆದ ಮೇಲೆ ಅದನ್ನು ಪಾಠಶಾಲೆಗೋ ಆಸ್ಪತ್ರೆಗೋ ಕೊಡಬೇಕೆನ್ನುವವನು ಧಾರಾಳವಾಗಿ ಕೊಡಲಿ. ಆಗ ಅದು ನಿಜವಾದ ಕೊಡುಗೆಯಾಗುವದು.

ಈ ತನಕ ಕಾಯುವವನು ರಾಜ್ಯವೆಂದು ಹೇಳಿದೆವು. ಆದರೆ ಕಾಯುವವರು ಬೇರೆಯೂ ಇದ್ದಾರೆ, ಮತ್ತು ನಮ್ಮ ಮಾತಿನ ಭಾರವು ಇಲ್ಲಿಯೇ ಇರುವದು. ಹಣ ಇಡುವವನು ತನ್ನ ತರುವಾಯ ಯಾರಿಗೆ ಕೊಡಬೇಕೆಂದು ಒಬ್ಬನ ಹೆಸರನ್ನು ಬ್ಯಾಂಕಿಗೆ ಬರೆದುಕೊಡುವದುಂಟು. ಅಂಥವನನ್ನು ನಾಮಿನಿ ಎನ್ನುವರು. ಬಹು ಜನರು ಎಣಿಸುವದೇನಂದರೆ, ನಾಮಿನಿಯ ಹೆಸರು ಇದ್ದವನಿಗೆ ಹಣವೆಲ್ಲಾ ಸ್ವಂತವಾಯಿತು ಎಂದು. ಬ್ಯಾಂಕಿನ ಠೇವಣಿಯ ಸಂಬಂಧದಲ್ಲಿ ಇದು ಸರಿಯಲ್ಲ. ನಾಮಿನಿಯು ಹಣವನ್ನು ಬ್ಯಾಂಕಿನಿಂದ ತೆಗೆದುಕೊಳ್ಳುವ ಅಧಿಕಾರವುಳ್ಳವನೇ ಹೊರತು ಅದರ ಒಡೆಯನಲ್ಲ, ಅದು ಸತ್ತವನ ಬಾಧ್ಯರಿಗೆ ಸೇರಿದ್ದು ಎಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪು ಕೊಟ್ಟಿತು. ಕಂಪೆನಿಗಳ ಷೇರುಗಳ ಕುರಿತು 2023ರ ಡಿಸೆಂಬರಿನಲ್ಲಿ ಅದೇ ಅಭಿಪ್ರಾಯವನ್ನು ಹೇಳಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ತಂದೆತಾಯಿ, ಗಂಡಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರಿಗೆ ಸ್ವಂತ ಹಕ್ಕು ಉಂಟಾಗುವದು.

ಹೀಗೆಂದು ಭಾವಿಸೋಣ. ಒಬ್ಬ ತಂದೆಯು ಹಿರೀ ಮಗನನ್ನು ನಾಮಿನಿಯಾಗಿ ಬರೆಯಿಸಿ, ಉಯಿಲು ಬರೆಯದೆ ಸತ್ತನು. ಮನೆಯಲ್ಲಿ ತಾಯಿಯೂ ಒಬ್ಬ ತಮ್ಮನೂ ಮದುವೆಯಾದ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. 15 ವರುಷಗಳ ಮೇಲೆ ಹಿರೀ ಮಗನಿಗೆ ಹಳೇ ಪುಸ್ತಕವು ಸಿಕ್ಕಿತು. ಅವನು ಬ್ಯಾಂಕಿಗೆ ಹೋಗಿ ಮರಣದ ಪ್ರಮಾಣಪತ್ರವನ್ನು ತೋರಿಸಿದರೆ ಹಣವು ಅವನ ಕೈಗೆ ಬರುವದು. ಬ್ಯಾಂಕು ತಂಗಿಯರ ವಿಷಯ ಕೇಳದು. ಸರಕಾರವೂ ಕೇಳದು. ಊರಿನವರು ಅರಿಯರು. ಅವನು ಯಾರಿಗೂ ಹೇಳದೆ ಇಟ್ಟುಕೊಂಡರೆ ತಿಳಿಯುವದಾದರೂ ಹೇಗೆ? ಈ ಹೊತ್ತಿನಲ್ಲಿಯೇ ಅವನು ದುಷ್ಯಂತನೋ ಥ್ಯಾಕರೆಯೋ ಎಂಬದು ಗೊತ್ತಾಗುವದು. ಯಾಕಂದರೆ ಬಾಧ್ಯರು ಇರುವರೋ ಇಲ್ಲವೋ ಎಂದು ತೀರ್ಮಾನಿಸುವವನೂ ಲಾಭ ಹೊಂದುವವನೂ ಈಗ ಅವನೊಬ್ಬನೇ. ಸರಕಾರವು ಕೋಟಿಗಟ್ಟಲೆ ಹಣವನ್ನು ಇಟ್ಟುಕೊಂಡಿದೆ ಎಂದು ಕಟ್ಟೆಯ ಮೇಲೆ ಕೂತು ದೂರುವವನು, ತನ್ನ ತಂಗಿಯ ಸಾವಿರ ರೂಪಾಯಿಯನ್ನು ಇಟ್ಟುಕೊಂಡರೆ ಅವನ ದೂರಿಗೆ ಬೆಲೆಯೇನು? ಸರಕಾರವಾದರೂ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದೆ. ಅವನು ಬರೆದೂ ಇಡಲಿಲ್ಲ.

ಕಾಯಿದೆಯ ಪ್ರಕಾರ ಯಾರ ಪಾಲು ಎಷ್ಟು ಎಂಬದನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳುವದು ಉಪಯುಕ್ತ. ಕ್ರೈಸ್ತರಿಗೆ ಸಾಮಾನ್ಯವಾಗಿ ಸಂಬಂಧಪಡುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಮೇರೆಗೆ, ಉಯಿಲು ಇಲ್ಲದೆ ಸತ್ತವನಿಗೆ ಹೆಂಡತಿಯೂ ಮಕ್ಕಳೂ ಇದ್ದರೆ ಮೂರರಲ್ಲಿ ಒಂದು ಪಾಲು ವಿಧವೆಗೆ. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮಭಾಗವಾಗಿ. ಮೇಲೆ ಹೇಳಿದ ಮನೆಯಲ್ಲಿ 90,000 ರೂಪಾಯಿ ಇದ್ದರೆ ತಾಯಿಗೆ 30,000, ನಾಲ್ವರು ಮಕ್ಕಳಿಗೆ ತಲಾ 15,000. ಹಿಂದೂಗಳಿಗೆ 1956ರ ಕಾಯಿದೆಯ ಮೇರೆಗೆ ತಂದೆಯ ಸ್ವಾರ್ಜಿತದಲ್ಲಿ ವಿಧವೆಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ, ಸತ್ತವನ ತಾಯಿ ಬದುಕಿದ್ದರೆ ಆಕೆಗೂ, ಒಂದೊಂದು ಸಮಪಾಲು. ಮದುವೆಯಲ್ಲಿ ಬಂಗಾರ ಕೊಟ್ಟಾಯಿತು, ಇನ್ನು ಅವಳಿಗೇನು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಆ ಮಾತಿಗೆ ಕಾಯಿದೆಯಲ್ಲಿ ಆಧಾರವಿಲ್ಲ. ತಂಗಿಯು ತನಗೆ ಬೇಡವೆಂದು ಹೇಳಿದರೆ ಅದು ಅವಳ ದೊಡ್ಡತನ. ಅವಳಿಗೆ ತಿಳಿಸದೆ ಅವಳ ಪರವಾಗಿ ಅಣ್ಣನು ಬೇಡವೆಂದು ಹೇಳಿಕೊಂಡರೆ ಅದು ಯಾರ ದೊಡ್ಡತನವೂ ಅಲ್ಲ.

ಹಾಗಾದರೆ ಕೇಳುವದಕ್ಕೆ ಹೊರಟವನು ಏನು ಮಾಡತಕ್ಕದ್ದು? ಮೊದಲು ಮನೆಯವರೆಲ್ಲರಿಗೂ ತಿಳಿಸಬೇಕು. ಬಳಿಕ ಪೆಟ್ಟಿಗೆಗಳಲ್ಲಿ ಇರುವ ಹಳೇ ಪುಸ್ತಕ, ಠೇವಣಿಯ ರಶೀದಿ, ವಿಮೆಯ ಕಾಗದ, ಅಂಚೆ ಕಚೇರಿಯ ಪುಸ್ತಕಗಳನ್ನು ಕೂಡಿಸಬೇಕು. ಬ್ಯಾಂಕಿನ ಠೇವಣಿಗಳನ್ನು ಹುಡುಕುವದಕ್ಕೆ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 17ರಂದು ಉದ್ಗಮ್ ಎಂಬ ಅಂತರ್ಜಾಲದ ಸ್ಥಳವನ್ನು ತೆರೆಯಿತು. 2024ರ ಮಾರ್ಚಿನ ಹೊತ್ತಿಗೆ 30 ಬ್ಯಾಂಕುಗಳು ಅದರಲ್ಲಿ ಸೇರಿದ್ದವು. ನಿಧಿಯಲ್ಲಿರುವ ಠೇವಣಿಗಳಲ್ಲಿ ಬೆಲೆಯ ಲೆಕ್ಕದಿಂದ ನೂರಕ್ಕೆ ಸುಮಾರು 90 ಪಾಲು ಆ ಬ್ಯಾಂಕುಗಳವೇ. ಮೊಬೈಲಿನ ನಂಬರನ್ನು ಕೊಟ್ಟು ಒಳಗೆ ಹೋಗಿ, ಲೆಕ್ಕದವನ ಹೆಸರು, ಬ್ಯಾಂಕಿನ ಹೆಸರು, ಮತ್ತು ಪ್ಯಾನ್, ಮತದಾರರ ಚೀಟಿ, ಹುಟ್ಟಿದ ತಾರೀಖು ಮೊದಲಾದವುಗಳಲ್ಲಿ ಒಂದನ್ನು ಬರೆದರೆ, ಇದೆಯೋ ಇಲ್ಲವೋ ಎಂಬದು ತಿಳಿಯುವದು. ಇದ್ದರೆ ಆ ಬ್ಯಾಂಕಿಗೇ ಹೋಗಿ ಅರ್ಜಿ ಕೊಡಬೇಕು. ಹಣವನ್ನು ಕೊಡುವದು ಬ್ಯಾಂಕೇ ಹೊರತು ಉದ್ಗಮ್ ಅಲ್ಲ. ಹೆಸರನ್ನು ಎರಡು ಮೂರು ವಿಧವಾಗಿ ಬರೆದು ಹುಡುಕುವದು ವಿವೇಕ. ಯಾಕಂದರೆ ಹಳೇ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುವರು.

ಇದಕ್ಕೆ ಒಂದು ಕಾಸೂ ಶುಲ್ಕವಿಲ್ಲ. ಆದದರಿಂದ, ನಿಮ್ಮ ಹಿರಿಯರ ಹಣ ಇದೆ, ಮೊದಲು ಇಷ್ಟು ರೂಪಾಯಿ ಕಳುಹಿಸಿರಿ ಎಂದಾಗಲಿ, ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಹೇಳಿರಿ ಎಂದಾಗಲಿ ಕೇಳುವವನು ಮೋಸಗಾರನೆಂದು ತಿಳಿಯಬೇಕು. ಅದರಂತೆಯೇ ಮೋಸವು ನಮ್ಮ ಕಡೆಯಿಂದಲೂ ಆಗಬಾರದು. ಹೆಸರು ಒಂದೇ ಆಗಿರುವದರಿಂದ ಬೇರೊಬ್ಬನ ಲೆಕ್ಕವನ್ನು ತನ್ನ ತಂದೆಯದೆಂದು ಹೇಳಿಕೊಳ್ಳುವದು, ಬಾಧ್ಯರ ಪಟ್ಟಿಯಲ್ಲಿ ತಂಗಿಯ ಹೆಸರನ್ನು ಬಿಟ್ಟು ಸಹಿ ಹಾಕುವದು, ಇವು ಕೇಳುವವರಿಲ್ಲದ ಹಣದ ವಿಷಯದಲ್ಲಿ ಬಹು ಸುಲಭ. ಆದದರಿಂದಲೇ ಹೆಚ್ಚು ಎಚ್ಚರವು ಬೇಕು. ಯಾರೂ ಅಳುವದಿಲ್ಲವೆಂದು ಕಾಣುವ ಕಳ್ಳತನವೂ ಕಳ್ಳತನವೇ.

ರಾಜ್ಯಕ್ಕೂ ನಾವು ಒಂದು ಮಾತನ್ನು ಹೇಳತಕ್ಕದ್ದು. ಅದು ಹುಡುಕುವ ಪ್ರಯತ್ನ ಮಾಡದೆ ಇರಲಿಲ್ಲ. 2023ರಲ್ಲಿ ಪ್ರತಿ ಜಿಲ್ಲೆಯಲ್ಲಿ ಪ್ರತಿ ಬ್ಯಾಂಕು ತನ್ನಲ್ಲಿರುವ ದೊಡ್ಡ 100 ಠೇವಣಿಗಳ ಒಡೆಯರನ್ನು 100 ದಿನಗಳಲ್ಲಿ ಹುಡುಕತಕ್ಕದ್ದೆಂದು ಅಪ್ಪಣೆಯಾಯಿತು. 2025ರ ಅಕ್ಟೋಬರಿನಿಂದ ಮೂರು ತಿಂಗಳು ದೇಶದಲ್ಲೆಲ್ಲಾ ನಿಮ್ಮ ಹಣ, ನಿಮ್ಮ ಹಕ್ಕು ಎಂಬ ಅಭಿಯಾನವು ನಡೆಯಿತು. ಇವು ಒಳ್ಳೇವು. ಆದರೆ ದೊಡ್ಡ ನೂರನ್ನು ಹುಡುಕುವಾಗ ಚಿಕ್ಕ ಸಾವಿರವು ಹಿಂದೆ ಉಳಿಯುವದು. ಮತ್ತು ಅಂತರ್ಜಾಲದಲ್ಲಿ ಬರೆದದ್ದು ಅದನ್ನು ಓದಬಲ್ಲವನಿಗೆ ಮಾತ್ರ ಪ್ರಕಟಣೆ; ಓದು ಬಾರದ ಮುದುಕಿಗೆ ಅದು ಮುಚ್ಚಿದ ಬಾಗಿಲೇ. ಹುಡುಕುವ ಭಾರವು ಕಾಯುವವನ ಮೇಲೆ ಹೆಚ್ಚಾಗಿ ಇರಬೇಕು, ಯಾಕಂದರೆ ಲೆಕ್ಕವು ಅವನ ಕೈಯಲ್ಲಿದೆ. ಹಳ್ಳಿಯ ಚಾವಡಿಯಲ್ಲಿಯೂ ಅಂಚೆ ಕಚೇರಿಯ ಗೋಡೆಯ ಮೇಲೆಯೂ ಕನ್ನಡದಲ್ಲಿ ಹೆಸರುಗಳು ಅಂಟಿಸಲ್ಪಟ್ಟರೆ ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟೀತು.

ಆದರೆ ಆ ದಿನಕ್ಕಾಗಿ ಕಾದು ಕೂತಿರುವದಕ್ಕೆ ಕಾರಣವಿಲ್ಲ. ನಮ್ಮ ಸಭೆಗಳಲ್ಲಿ ಓದು ಬಲ್ಲ ಯೌವನಸ್ಥರೂ ಉಪಾಧ್ಯಾಯರೂ ಇದ್ದಾರೆ. ತಿಂಗಳಿಗೆ ಒಂದು ಸಾಯಂಕಾಲ ಅವರು ಕೂತು, ವಿಧವೆಯರೂ ವೃದ್ಧರೂ ತರುವ ಹಳೇ ಕಾಗದಗಳನ್ನು ಓದಿ ಹೇಳಿ, ಅರ್ಜಿ ಬರೆದುಕೊಟ್ಟರೆ, ಖರ್ಚಿಲ್ಲದ ದೊಡ್ಡ ಸಹಾಯವಾಗುವದು. ಒಬ್ಬರ ಕಾಗದವನ್ನು ಇಬ್ಬರು ಕೂಡಿ ನೋಡುವದೂ, ಅದರ ಸಂಗತಿಯನ್ನು ಹೊರಗೆ ಹರಡದಿರುವದೂ ಅವಶ್ಯ.

ಕಡೆಗೆ ಬದುಕಿರುವವರಿಗೆ ಒಂದು ಮಾತು. ಸತ್ತವರ ಮರೆವನ್ನು ಸರಿಪಡಿಸುವದಕ್ಕಿಂತ ನಾವು ಮರೆಯದಿರುವದು ಸುಲಭ. ಹೆಂಡತಿಗೆ ತಿಳಿಯದ ಹಾಗೆ ಹಣ ಇಡುವದನ್ನು ಕೆಲವರು ಜಾಣತನವೆನ್ನುವರು. ಆ ಜಾಣತನದಿಂದ ಬ್ಯಾಂಕಿಗೂ ನಿಧಿಗೂ ಉಪಕಾರವಾಯಿತೇ ಹೊರತು ಮನೆಗೆ ಆಗಲಿಲ್ಲ. ಒಂದು ಹಾಳೆಯ ಮೇಲೆ ಯಾವ ಬ್ಯಾಂಕು, ಯಾವ ಊರು, ಯಾವ ಸಂಖ್ಯೆ, ವಿಮೆ ಎಲ್ಲಿದೆ, ಸಾಲ ಯಾರಿಗೆ ಕೊಡತಕ್ಕದ್ದು ಎಂಬದನ್ನು ಬರೆದು, ನಂಬಿಗಸ್ತರಾದ ಇಬ್ಬರಿಗೆ ತಿಳಿಸಿ ಇಡೋಣ. 2025ರ ನವೆಂಬರ್ 1ರಿಂದ ಬ್ಯಾಂಕಿನ ಒಂದು ಲೆಕ್ಕಕ್ಕೆ ನಾಲ್ವರ ವರೆಗೆ ನಾಮಿನಿಗಳನ್ನು ಬರೆಯಿಸಿ ಒಬ್ಬೊಬ್ಬರಿಗೆ ಎಷ್ಟು ಭಾಗವೆಂದು ಗೊತ್ತುಮಾಡಲು ಅವಕಾಶವಾಗಿದೆ; ಅದನ್ನೂ ಉಪಯೋಗಿಸಿಕೊಳ್ಳೋಣ. ವರುಷಕ್ಕೆ ಒಂದು ಸಾರಿಯಾದರೂ ಲೆಕ್ಕದಲ್ಲಿ ಹತ್ತು ರೂಪಾಯಿ ಕಟ್ಟಿದರೆ ಅದು ನಿಂತುಹೋಗುವದಿಲ್ಲ.

ಹಣವು ಮಾತನಾಡುವದಿಲ್ಲ, ತಾನು ಯಾರದೆಂದು ಹೇಳಲಾರದು. ಅದರ ಪರವಾಗಿ ಹೇಳತಕ್ಕವರು ಅದನ್ನು ಕಾಯುವವರೇ. ರಾಜ್ಯವಾಗಲಿ, ಬ್ಯಾಂಕಾಗಲಿ, ನಾಮಿನಿಯಾದ ಹಿರೀ ಮಗನಾಗಲಿ, ಹತ್ತು ವರುಷವಾದರೂ ನೂರು ವರುಷವಾದರೂ ಕಾಯುವವನು ಕಾಯುವವನೇ. ತಮ್ಮ ಮನೆಯಲ್ಲಿ ಹಳೇ ಪುಸ್ತಕವೊಂದು ಇದೆಯೆಂದು ನೆನಪಾಗುವ ವಾಚಕರು ಈ ವಾರವೇ ಅದನ್ನು ತೆಗೆದು ನೋಡಲಿ, ಮತ್ತು ನೋಡುವಾಗ ತಂಗಿಯನ್ನೂ ಕರೆಯಲಿ.